ಒಂದೇ ಕಾರ್ಬನ್ನು

ಲಕ್ಷ್ಮೀಪುರಂ ಆಫೀಸಿನಲ್ಲಿ ಗುರುಮಲ್ಲಪ್ಪನವರು
ಹೇಳುವರು, ನಾನು ಟೈಪು ಮಾಡುವೆ.
ವಿಲ್ಲು, ವಿಭಾಗಪತ್ರ, ಬಾಡಿಗೆ ತಕರಾರು.
ತಿಂಗಳಿಗೊಮ್ಮೆ, ಕಕ್ಷಿಗಾರರೆಲ್ಲ ಎದ್ದುಹೋದ ಮೇಲೆ
ಕರಿಕೋಟು ಬಿಚ್ಚಿ, ಎಲೆಗೆ ಸುಣ್ಣ ಸವರುತ್ತ
'ಈಗ ಅಂಕಾರಾ' ಅನ್ನುವರು.
ನಾನು ತೆಳ್ಳನೆಯ ನೀಲಿ ಹಾಳೆ ಏರಿಸುವೆ.

ಅಲ್ಲಿ ರೆಫಿಕ್ ಬೇ, ಇವರಂತೆಯೇ ಕಾಯಿದೆ ಮೇಷ್ಟ್ರು.
ಲಂಡನ್ನಿನ ಒಂದೇ ಕೋಣೆಯಲ್ಲಿ ಇಬ್ಬರೂ ಓದಿದ್ದರಂತೆ,
ಒಂದೇ ಕಂಬಳಿಗೆ ಜಗಳವಾಡಿದ್ದರಂತೆ.
ಆತನ ಫೋಟೋ ಗೋಡೆಯ ಮೇಲಿತ್ತು
ಗಂಧದೆಣ್ಣೆ ಕಾರ್ಖಾನೆಯ ಕ್ಯಾಲೆಂಡರಿನ ಪಕ್ಕ:
ದಪ್ಪ ಕನ್ನಡಕ, ನಗು ಬಾರದ ಬಾಯಿ.

ಆ ದೇಶದಲ್ಲಿ ದಂಡು ಬೀದಿಗಿಳಿದ ವರ್ಷ
ಜನರಲ್ಲುಗಳು ಆತನ ಮನೆಗೆ ಕಾರು ಕಳಿಸಿದರು.
ಹೋದರು. ಕೂತರು. ಹೊಸ ಸಂವಿಧಾನಕ್ಕೆ ಕರಡು ಬರೆದರು.
ಸುದ್ದಿ ಬಂದ ದಿನ ನಮ್ಮ ಸಾಹೇಬರು ಎಲೆ ಹಾಕಲಿಲ್ಲ.
'ಬಾಗಿಲು ಒಡೆದು ನುಗ್ಗಿದವನಿಗೆ
ಮನೆಪತ್ರ ಬರೆದುಕೊಡುವುದು ಯಾವ ಕಾಯಿದೆ, ಮಿತ್ರಾ?'
ಮೂರು ಪುಟ. ಕೀಲಿ ಬಿಸಿಯಾಗಿತ್ತು.

ಎರಡು ತಿಂಗಳಿಗೆ ಉತ್ತರ:
'ನಾನು ಹೋಗದಿದ್ದರೆ ಬರೆಯಲು ಒಬ್ಬ ಕರ್ನಲ್ ಕಾದಿದ್ದ.
ಅವನಿಗೆ ವ್ಯಾಕರಣ ಬರುವುದಿಲ್ಲ.
ಒಂದು ಕಲಮು ಸೇರಿಸಿದ್ದೇನೆ, ಸಣ್ಣದು:
ಹಿಡಿದವನನ್ನು ಒಂದು ಹಗಲು ಒಂದು ರಾತ್ರಿಯೊಳಗೆ
ನ್ಯಾಯಾಧೀಶನಿಗೆ ತೋರಿಸಬೇಕು. ಯಾರೂ ಗಮನಿಸಲಿಲ್ಲ.
ಇನ್ನು ನೀನು ಬಯ್ಯಿ.'
ಸಾಹೇಬರು 'ಸೋಗಲಾಡಿ' ಅಂದರು, ಮಡಿಸಿಟ್ಟರು.

ಆಮೇಲೆ ರೆಫಿಕ್ ಬೇ ಚುನಾವಣೆಗೆ ನಿಂತರು, ಗೆದ್ದರು,
ಎಂಟು ತಿಂಗಳು ಮಂತ್ರಿಯಾದರು.
ದಂಡು ಮತ್ತೆ ಗುಟುರು ಹಾಕಿತು. ಪಕ್ಷಕ್ಕೆ ಬೀಗ, ಆತನಿಗೆ ಜೈಲು.
ಅಲ್ಲಿಂದ ಬಂದ ಕಾಗದದಲ್ಲಿ ಅರ್ಧ ಸಾಲಿಗೆ
ಯಾರೋ ಮಸಿ ಬಳಿದಿದ್ದರು. ಉಳಿದದ್ದು ಇಷ್ಟು:
'ನನ್ನ ಕಲಮಿನ ಪ್ರಕಾರ ನ್ಯಾಯಾಧೀಶರು ಬಂದು ನೋಡಿದರು.
ಅವರು ನನ್ನ ವಿದ್ಯಾರ್ಥಿ. ಕುರ್ಚಿ ಹಾಕಿಸಿದರು.'

ಬಿಡುಗಡೆಯ ಸುದ್ದಿ ಬಹಳ ತಡವಾಗಿ ತಲುಪಿತು.
ಎಪ್ಪತ್ತೈದರ ಆಷಾಢ, ಗುರುವಾರ ರಾತ್ರಿ,
ಸಾಹೇಬರು ಎದ್ದು ನಿಂತು ಹೇಳಿದರು, ನಾನು ಹೊಡೆದೆ.
ಸ್ವಾತಂತ್ರ್ಯ ಅನ್ನುವ ಮಾತು ಹನ್ನೊಂದು ಸಲ;
ನನ್ನ ಕಿರುಬೆರಳು ಲೆಕ್ಕ ಇಟ್ಟಿದೆ.

ನಮ್ಮಲ್ಲಿ ದಂಡು ಬರಲಿಲ್ಲ.
ಮಾರನೆಯ ಬೆಳಿಗ್ಗೆ, ಬೆಟ್ಟದ ಬಸ್ಸಿಗೆ ಹೆಂಗಸರು
ಸಾಲು ನಿಂತಿದ್ದಾಗ, ಒಂದು ಜೀಪು ಬಂತು, ಅಷ್ಟೆ.
ಇಳಿದವರು ಬಹಳ ಮರ್ಯಾದಸ್ಥರು.
ಒಂದು ಚಿಪ್ಪು ರಸಬಾಳೆ ತಂದಿದ್ದರು, ಒಂದು ಫೈಲು.
ದೊಡ್ಡ ಗಡಿಯಾರದ ಹತ್ತಿರ ಚೀಟಿ ಹಂಚಿದವನು, ನಿಂಗರಾಜು,
ಸಾಹೇಬರ ಕ್ಲಾಸಿನಲ್ಲಿ ಮೂರನೇ ಬೆಂಚು.
ಅವನನ್ನು ಒಳಗಿಟ್ಟದ್ದು ಕ್ರಮಬದ್ಧವೇ?
ಅಭಿಪ್ರಾಯ ಬೇಕಿತ್ತು, ಮಧ್ಯಾಹ್ನದೊಳಗೆ.

ಸಾಹೇಬರು ಪುಸ್ತಕ ತೆಗೆದರು. ಕಲಮು ಇತ್ತು.
ಕಲಮು ಇದ್ದಮೇಲೆ ಇದೆ ಅನ್ನಬೇಕಲ್ಲ.
ಹೇಳಿದರು. ಹೊಡೆದೆ. ಒಂದೂವರೆ ಪುಟ.
ಸೇರಿಸಲು ಅವರಿಗೆ ಸಣ್ಣದೊಂದೂ ತೋಚಲಿಲ್ಲ.
ಜೀಪು ತಿರುಗಿದ ಮೇಲೆ, ಹಣ್ಣಿನ ಕಡೆ ನೋಡದೆ,
'ಆ ಅಂಕಾರಾ ಕಾಗದ ಇರಲಿ,
ಈಗಲೇ ಅಂಚೆಗೆ ಹಾಕಬೇಡ' ಅಂದರು.

ಕಾರ್ಬನ್ನಿನ ವಿಷಯದಲ್ಲಿ ಸಾಹೇಬರು ಕೈಬಿಗಿ,
ಒಂದು ಹಾಳೆ ಹತ್ತು ಸಲವಾದರೂ ಸವೆಯಬೇಕು.
ರಾತ್ರಿಯದಕ್ಕೂ ಬೆಳಗಿನದಕ್ಕೂ ಒಂದೇ ಇಟ್ಟಿದ್ದೆ.
ಅದು ನನ್ನ ಹತ್ತಿರ ಇದೆ.
ಕಿಟಕಿಗೆ ಹಿಡಿದರೆ ಸಾಲಿನ ಮೇಲೆ ಸಾಲು,
ಸ್ವಾತಂತ್ರ್ಯದ ಹೊಟ್ಟೆಯೊಳಗೆ ಬಂಧನದ ಬಾಲ.
ಯಾವ ಅಕ್ಷರ ಯಾವ ಕಾಗದದ್ದೆಂದು
ಹೊಡೆದವಳಿಗೂ ಹೇಳಲಾಗದು.

ಹತ್ತೊಂಬತ್ತು ತಿಂಗಳ ಮೇಲೆ ನಿಂಗರಾಜು ಹೊರಬಂದ.
ಈಗ ಮಂಡ್ಯದಲ್ಲಿ ವಕೀಲ; ತಲೆ ಪೂರ್ತಿ ಬೆಳ್ಳಗಾಗಿದೆ.
ಯಾರದೋ ಮದುವೆಯಲ್ಲಿ, ಪಂಕ್ತಿಯಲ್ಲಿ, ನನ್ನ ಪಕ್ಕ ಕೂತ.
ಎಲೆಗೆ ನೀರು ಚಿಮುಕಿಸಿ, ಒರೆಸಿ,
'ಆ ಅಭಿಪ್ರಾಯ ಟೈಪು ಮಾಡಿದ್ದು ನೀವೇ ಅಲ್ವಾ ಅಕ್ಕಾ' ಅಂದ.
'ಒಳಗೆ ಓದೋಕೆ ಬೇರೇನೂ ಇರಲಿಲ್ಲ. ದಿನಾ ಓದ್ತಿದ್ದೆ.
ಒಂದಕ್ಷರ ತಪ್ಪಿಲ್ಲ.'
ಅಷ್ಟರಲ್ಲಿ ಪಾಯಸ ಬಂತು.