ನೀರು ಬಿಡೋ ದಿನ

ನಮ್ಮ ಓಣಿಗೆ ನೀರು ಬರೂದು ಎಂಟು ದಿನಕ್ಕೊಮ್ಮೆ,
ಒಮ್ಮೊಮ್ಮೆ ಹತ್ತು.
ಹಿಂಗಾಗಿ ನನ್ನ ದೀಕ್ಷಾಸ್ನಾನದ ತಾರೀಖು ಗೊತ್ತು ಮಾಡಿದಾಂವ
ಪಾಸ್ಟರ್ ಎಲೀಷ ಕಟ್ಟಿಮನಿ ಅಲ್ಲ,
ವಾಲ್ ತಿರುವೋ ಇಮಾಮಸಾಬ ನದಾಫ.
"ಶನಿವಾರ ರಾತ್ರಿ ಎರಡರ ಮ್ಯಾಲ ಬಿಡ್ತೀನ್ರೀ ಅಕ್ಕಾರ,
ನಿಮ್ಮ ತೊಟ್ಟಿ ತುಂಬೂತನಕಾ ಬಂದ್ ಮಾಡೂದಿಲ್ಲ."

ಹುಬ್ಬಳ್ಳಿ ಗದಗ ರೋಡು, ರೈಲ್ವೆ ಕ್ವಾರ್ಟರ್ಸಿನ ಹಿಂದ ನಮ್ಮ ಸಭೆ.
ಶಿಲುಬೆ ಇಲ್ಲದಿದ್ರ ಗೋದಾಮು ಅಂತಿದ್ರಿ.
ಮೂರ್ತಿ ಇಲ್ಲ, ಮೇಣಬತ್ತಿ ಇಲ್ಲ,
ಗೋಡಿಮ್ಯಾಲ ನೀಲಿ ಬಣ್ಣದಾಗ "ನಾವು ನಂಬುವುದು",
ಒಂದರಿಂದ ಒಂಬತ್ತು.
ಕೊನೀ ಸಾಲಿಗೆ ಜಾಗಾ ಸಾಲದ
ನಿತ್ಯಜೀವದ "ವ" ಕಿಟಕಿ ಬಾಗಲದ ಮ್ಯಾಲ ಏರೇತಿ.
ಸೆಕಿ ಆಗಿ ಕಿಟಕಿ ತೆಗೆದ್ರ
ಅದೊಂದು ಅಕ್ಷರ ಓಣಿಗೆ ಹೋಗಿ ನಿಲ್ತೈತಿ.

ನಾಲ್ಕು ಶುಕ್ರವಾರ ಪಾಠ.
"ನೀರಿನಾಗ ಏನೂ ಇಲ್ಲ ತಂಗೀ. ಇದು ಟಿಕೀಟಲ್ಲ,
ಗಾಡಿ ಹತ್ತೀನಿ ಅಂತ ಮನಿಗೆ ಮಾಡೋ ಫೋನು."
ಮೂವತ್ತು ವರ್ಷ ಗೂಡ್ಸ್ ಗಾಡಿಗೆ ಹಸಿರು ಬಾವುಟ ತೋರಿಸಿದ ಮನಷ್ಯಾ,
ಅವರ ದೃಷ್ಟಾಂತ ಎಲ್ಲಾ ಗುಂತಕಲ್ ತನಕಾ ಹೋಗಿ ತಿರುಗತಾವ.

ಮೂರನೇ ವಾರ ಅಂದ್ರು:
"ಒಬ್ಬರ ಬದಲಿ ಇನ್ನೊಬ್ಬರು ನಂಬಾಕ ಬರೂದಿಲ್ಲ."

ಬೆಟಗೇರಿ ಮಿಶನ್ ದೇವಾಲಯದಾಗ
ಮೂರು ತಿಂಗಳ ಕೂಸು ನಾನು, ಮೈ ಕೆಂಡದಂಥ ಜ್ವರ.
ಅವ್ವ ಎತ್ತಿಕೊಂಡು ನಿಂತಿದ್ಲಂತ. ನೆತ್ತಿಮ್ಯಾಲ ಮೂರು ಹನಿ.
ನಾ ಬಾಯಿ ಬಿಟ್ಟದ್ದು ಅಳಾಕ, ಅರಿಕಿ ಮಾಡಾಕಲ್ಲ, ಖರೆ.
ಆದ್ರ ಅವತ್ತು ಅವ್ವ ನನ್ನ ಬದಲಿ ನಂಬಿದ್ದು
ಎಲ್ಲಿ ಹೋತು ಹಂಗಾದ್ರ?

ಪಾಸ್ಟರ್ ಚಸ್ಮಾ ತೆಗೆದು ಒರಸಿಕೊಂಡ್ರು, ಭಾಳ ಹೊತ್ತು.
"ಅವ್ವನ ಲೆಕ್ಕ ಅವ್ವಂದು.
ನಿನ್ನ ಬಾಯಿಲೆ ನೀ ಹೇಳು."

ನಮಗ ಬಿಷಪ್ಪರಿಲ್ಲ, ಮ್ಯಾಲಿಂದ ಪತ್ರ ಬರೂದಿಲ್ಲ,
ಸಭೆಯವರು ಕೈ ಎತ್ತಬೇಕು.
ನನ್ನ ಹೆಸರು ಕರೆದಾಗ ಇಪ್ಪತ್ತೆರಡು ಕೈ ಎದ್ದು.
ಸುವಾರ್ತಮ್ಮನ ಕೈ ತೊಡಿಮ್ಯಾಲ ಇತ್ತು.
ಎರಡು ವರ್ಷದ ಹಿಂದ ಅಕ್ಕಿ ಕುಕ್ಕರ್ ಒಯ್ದು
ಸೀಟಿ ಇಲ್ಲದ ಹೊಳ್ಳಿ ಕೊಟ್ಟಾಕಿ ನಾನು.
"ವಿರೋಧ: ಒಂದು" ಅಂತ ವಹಿಯೊಳಗ ಬರಕೊಂಡ್ರು.
ಸಿಟ್ಟು ಬರಬೇಕಿತ್ತು, ಬರಲಿಲ್ಲ.
ನಾಲ್ಕು ವಾರದ ಪಾಠದಾಗ ಪಾಪ ಅಂದ್ರೇನಂತ
ಯಾರೂ ಅಷ್ಟು ಬಿಡಿಸಿ ಹೇಳಿರಲಿಲ್ಲ.

ಐತವಾರ. ತೊಟ್ಟಿ ತುಂಬೇತಿ.
ಮಲಪ್ರಭಾ, ತುಸು ಕೆಂಪಗ, ಬ್ಲೀಚಿಂಗ್ ಪುಡಿ ವಾಸನಿ.
"ನಂಬತೀ ಏನು?"
"ನಂಬತೀನಿ."
ಐವತ್ತೆರಡು ವರ್ಷದ ದನಿ, ಪರೀಕ್ಷಾಕ ಕುಂತ ಹುಡುಗಿಯಂಗ ನಡುಗ್ತು.
ಹಿಂದಕ ಬಾಗಿಸಿದ್ರು.
ಕಿವಿಯೊಳಗ ನೀರು ಹೊಕ್ಕು ಗಾಡಿ ಸಪ್ಪಳ ಅಳಿಸಿತು,
ಹಾಡು ಅಳಿಸಿತು, ಮಂದಿ ಅಳಿಸಿದ್ರು.
ಅಲ್ಲಿ ನನ್ನ ಬದಲಿ ಯಾರೂ ಇರಲಿಲ್ಲ.
ಆದ್ರ ಮೈಗಿಂತ ಮೊದಲ
ನೆತ್ತಿ ತಣ್ಣಗಾಗಿತ್ತು.

ಎದ್ದಾಗ ಟವಲ್ ಹಿಡಕೊಂಡು ನಿಂತಾಕಿ ಸುವಾರ್ತಮ್ಮ.
"ಸೀಟಿ?" ಅಂದ್ಲು.
"ನಾಳೆ," ಅಂದೆ.

ಗೇಟಿನ ಮುಂದ ತುದಿಮನಿ ಹೆಂಗಸರು, ಕೊಡ ಹಿಡಕೊಂಡು.
ಅವರ ನಳಕ್ಕ ನೀರು ಹತ್ತಿರಲಿಲ್ಲ.
"ಒಯ್ರೆವ್ವ, ಬರೇ ನೀರು," ಅಂದ್ರು ಪಾಸ್ಟರ್.
ಬಟ್ಟಿ ಒಗಿಯಾಕ ಒಬ್ಬಾಕಿ ಎರಡು ಕೊಡ ಒಯ್ದಳು.
ಇನ್ನೊಬ್ಬಾಕಿ ಬೊಗಸಿ ತುಂಬಿ
ಕೂಸಿನ ಕಣ್ಣಿಗೆ ಹಚ್ಚಿದ್ಲು.
ಪಾಸ್ಟರ್ ಬಾಯಿ ತೆಗೆದ್ರು. ಮುಚ್ಚಿದ್ರು.
ಹೋಗಿ ಕಿಟಕಿ ತೆಗೆದ್ರು, ಸೆಕಿ ಅಂತ.

ಮನಿಗೆ ಬಂದು ಟ್ರಂಕು ಜಾಲಾಡಿದೆ.
ಸೀಟಿ ಸಿಗಲಿಲ್ಲ, ಚೀಟಿ ಸಿಕ್ತು,
ಬೆಟಗೇರಿದು, ಅಂಚಿಗೆ ಅವ್ವನ ಹೆಬ್ಬಟ್ಟು.
ಒದ್ದಿ ಕೂದಲದಿಂದ ಒಂದು ಹನಿ ಅದರ ಮ್ಯಾಲ ಬಿತ್ತು.
ಹೊಸಾ ಚೀಟಿ ಬರೂದು ಬರೋ ವಾರ.
ಸೀಟಿ ಇನ್ನೂ ಹುಡುಕಬೇಕು.