ರಸ್ತೆಗೊಂದು ಜಿಪ್ಪು

ನಾನು ನಡಾವಳಿ ಬರೆಯುವವಳು.
ಮಾತಾಡುವ ಕೆಲಸ ಬೇರೆಯವರದು.
ಲಿಮರಿಕ್ಕಿನ ಉತ್ತರದಂಚಿಗೆ ಬ್ಯಾಲಿಗ್ಲಾಸ್,
ಬಸ್ಸು ತಿರುಗಿಸಿಕೊಳ್ಳಲೆಂದಷ್ಟೇ ಬರುವ ಕಡೆ.
ಪಿಜ್ಜಾದವರು ಸೇತುವೆ ದಾಟರು.
ಕೆಲಸದ ಅರ್ಜಿಯಲ್ಲಿ ಇಲ್ಲಿಯವರು
ಚಿಕ್ಕಮ್ಮನ ಮನೆಯ ವಿಳಾಸ ಬರೆಯುತ್ತಾರೆ.

ಮೊದಲ ಸಭೆಗೆ ಹದಿನಾಲ್ಕು ಇಲಾಖೆ ಬಂದವು.
ಹದಿನಾಲ್ಕು ಕೋಟು, ಹದಿನಾಲ್ಕು ಒದ್ದೆ ಛತ್ರಿ,
ನಿಲ್ಲಿಸಲು ಮೂಲೆಯಲ್ಲಿ ಒಂದೇ ಬಕೆಟ್ಟು.
ಎತ್ತು ಏರಿಗೆ, ಕೋಣ ನೀರಿಗೆ;
ನೀರಿನ ಇಲಾಖೆಯಂತೂ ಮೊದಲಿಂದಲೂ ನೀರಿಗೆ.
ಪೊಲೀಸರಿಗೆ ದೀಪ ಬೇಕು, ದೀಪದವರಿಗೆ ಕಂಬ,
ಕಂಬದವರಿಗೆ ಕಾಲುದಾರಿ, ಕಾಲುದಾರಿಯವರಿಗೆ
ಮೊದಲು ಪೊಲೀಸರ ಭರವಸೆ.
ಬರೆದುಕೊಂಡೆ. ಚಹಾ ಆರಿತು.

ಹಿಂದಿನ ಸಾಲಿಂದ ಎದ್ದಳು ಡಿಂಪ್ನಾ ಕ್ವಿಲ್ಲಿಗನ್,
ಶಾಲೆಯ ಮುಂದೆ ಮಕ್ಕಳನ್ನು ದಾಟಿಸುವವಳು,
ಮೈಮೇಲೆ ಅದೇ ಹಳದಿ ಕೋಟು.
"ಮಾರ್ಚಿನಲ್ಲಿ ಗ್ಯಾಸಿನವರು ಅಗೆದು ಮುಚ್ಚಿದರು.
ಮೇ ತಿಂಗಳಲ್ಲಿ ನೀರಿನವರು, ಅದೇ ಜಾಗ.
ಆಗಸ್ಟಿನಲ್ಲಿ ಟೆಲಿಫೋನಿನವರು. ಫೋನು
ಇದ್ದದ್ದು ಆಗ ಮೂರೇ ಮನೆಗೆ.
ಹೊಲಿಗೆ ಬಿಚ್ಚಿ ಬಿಚ್ಚಿ ಹೊಲಿದ ಹೊಟ್ಟೆ ನಮ್ಮ ರಸ್ತೆ.
ಸ್ವಾಮೀ, ಅದಕ್ಕೊಂದು ಜಿಪ್ಪು ಹಾಕಿಸಿಬಿಡಿ."
ಎಲ್ಲರೂ ನಕ್ಕರು. ನಡಾವಳಿಯಲ್ಲಿ
ನಗುವಿಗೆ ಜಾಗವಿಲ್ಲ.
ಬರೆದೆ: ಸಭೆ ಗಮನಿಸಿತು.

ಗಮನಿಸಲು ಆರು ವರ್ಷ ಹಿಡಿಯಿತು.
ಅಷ್ಟರಲ್ಲಿ ಕಿಟಕಿಗಳಿಗೆ ತಗಡು ಬಂತು,
ತಗಡಿನ ಮೇಲೆ ನಂಬರು,
ನಂಬರಿನ ಮುಂದೆ ಯಂತ್ರ.
ಅರ್ಧ ಒಡೆದ ಮನೆಯೊಂದರ ಮಹಡಿಯಲ್ಲಿ
ಗುಲಾಬಿ ಕಾಗದ ಅಂಟಿಸಿದ ಗೋಡೆ,
ಅದರ ಮೇಲೆ ಯಾರದೋ ಮಗುವಿನ ಎತ್ತರ
ಪೆನ್ಸಿಲಿನಲ್ಲಿ: ಮೂರಡಿ, ಮೂರೂವರೆ, ನಾಲ್ಕು.
ಆಮೇಲೆ ಗೆರೆಯಿಲ್ಲ.
ಆ ಸಂಜೆಯೆಲ್ಲ ಮಳೆ ಗೋಡೆಯನ್ನು ಓದಿತು.

ಕೊನೆಗೊಂದು ಸೋಮವಾರ, ನಿಜವಾಗಿಯೂ,
ಒಂದೇ ಕಂದಕ ತೋಡಿದರು.
ನೀಲಿ ಕೊಳವೆ, ಹಳದಿ ಕೊಳವೆ, ಹಸಿರು ಕೇಬಲ್ಲು
ಚಳಿಯಲ್ಲಿ ಒಂದೇ ಹಾಸಿಗೆ ಹೊಕ್ಕ ಅಣ್ಣತಮ್ಮಂದಿರು.
ನೋಡಲು ಕೇರಿಗೆ ಕೇರಿಯೇ ಬಂತು,
ಊರುಗೋಲು, ತಳ್ಳುಗಾಡಿ, ಕೂಸು, ಸಿಗರೇಟು.
ಮೂರು ಖಜಾನೆಯ ದುಡ್ಡು
ಒಂದೇ ಗುಂಡಿಗೆ ಬೀಳುವುದನ್ನು
ಇಲ್ಲಿ ಹುಟ್ಟಿದವರು ಯಾರೂ ಕಂಡಿರಲಿಲ್ಲ.
ಡಿಂಪ್ನಾ 'ನಿಲ್ಲಿ' ಫಲಕ ಹಿಡಿದು ನೋಡುತ್ತ ನಿಂತಳು.
ಬಸ್ಸೂ ನಿಂತೇ ಇತ್ತು, ಮುಕ್ಕಾಲು ಗಂಟೆ.

ಲೆಕ್ಕಕ್ಕೆ ಸಿಗದ್ದು ಲೋರ್ಕನ್ ಶೀಹಿಯ ಕುದುರೆ.
ಕಪ್ಪುಬಿಳಿ ಮಚ್ಚೆಯದು, ಗ್ರಂಥಾಲಯ
ಬರಬೇಕಾದ ಜಾಗದಲ್ಲೇ ಕಟ್ಟಿದ್ದು.
ಹದಿನಾಲ್ಕರಲ್ಲಿ ಕುದುರೆಗೊಂದು ಇಲಾಖೆಯಿಲ್ಲ.
ನಕ್ಷೆಯ ಮೇಲೆ ಬೆರಳಿಟ್ಟು ಹುಡುಗ ಕೇಳಿದ:
"ಇವಳು ಎಲ್ಲಿ ಮೇಯಬೇಕು?"
ವಾಸ್ತುಶಿಲ್ಪಿ ನಕ್ಷೆಯ ಹಸಿರಿನ ಕಡೆ ನೋಡಿದ.
ಅದು ಬರೀ ಬಣ್ಣವೆಂದು ಇಬ್ಬರಿಗೂ ಗೊತ್ತಿತ್ತು.

ಮರಳಿ ಬನ್ನಿರೆಂದು ತೊಂಬತ್ತೆರಡು ಮನೆಗೆ ಬರೆದೆವು.
ಐವತ್ತೆಂಟು ಬಂದವು. ಉಳಿದವರ ಮಕ್ಕಳಿಗೆ
ಬೇರೆ ಶಾಲೆ ಒಗ್ಗಿತ್ತು. ಇಬ್ಬರು ತೀರಿಕೊಂಡಿದ್ದರು.
ಒಬ್ಬಾಕೆ ನಮ್ಮ ಲಕೋಟೆಯನ್ನೇ ತಿರುಗಿಸಿ ಬರೆದಿದ್ದಳು:
ಈಗ ಯಾಕೆ.
ಕಡತದಲ್ಲಿಟ್ಟಿದ್ದೇನೆ. ಎಲ್ಲಕ್ಕಿಂತ ಮೇಲೆ.

ಈಗ ಪಿಜ್ಜಾ ಬರುತ್ತದೆ. ತಣ್ಣಗಿರುತ್ತದೆ; ಬರುತ್ತದೆ.
ಗ್ರಂಥಾಲಯದ ಬಾಗಿಲ ಮುಂದೆ, ಹಸಿ ಸಿಮೆಂಟಿನಲ್ಲಿ
ಒಂದು ಬೆಳಗ್ಗೆ ಗೊರಸಿನ ಗುರುತು, ಸಾಲಾಗಿ ಏಳು.
ಕಿತ್ತು ಹೊಸದು ಹಾಕುತ್ತೇನೆಂದ ಗುತ್ತಿಗೆದಾರ.
"ಮತ್ತೆ ಅಗೆಯುವುದಾ?" ಎಂದಳು ಡಿಂಪ್ನಾ.
ಹದಿನಾಲ್ಕು ಇಲಾಖೆಯೂ ಒಂದೇ ಸಲ ಸುಮ್ಮನಾದವು.
ಯಾರೂ ಹೇಳದಿದ್ದರೂ ನಾನು ಬರೆದೆ:
ವಿಷಯ ಒಂಬತ್ತು. ಮುಂದೂಡಲಾಗಿದೆ.