ಎಂಬತ್ತು ಡೆಸಿಬೆಲ್

ಮಲ್ಪೆ ಬಂದರಿನ ಐಸ್ ಪ್ಲಾಂಟಿನ ಮಾಳಿಗೆಯಲ್ಲಿ
ನನ್ನ ಮೇಜು. ಕೆಳಗೆ ಮಂಜುಗಡ್ಡೆ ಒಡೆಯುವ ಸದ್ದಿಗೆ
ಬೆಸುಗೆಕಡ್ಡಿಯ ತುದಿ ನಡುಗುತ್ತದೆ.
ವಯರ್‌ಲೆಸ್ಸಿಗೊಂದು ಕಿವಿ ಮಾಡುತ್ತಿದ್ದೇನೆ, ಮೂರನೇ ಸಲ.

ಕಷ್ಟ ಇಷ್ಟೇ:
ಪಕ್ಕದ ದೋಣಿಯವ ಬಾಯಿ ತೆರೆದರೆ ಆಂಟೆನಾ ತುಂಬ ಅಬ್ಬರ,
ಕಾರವಾರದಾಚೆಯವ ‘ಕೇನುಂಡಾ’ ಎಂದು
ಗಂಟಲು ಹರಿದುಕೊಂಡರೂ
ಬಂಗುಡೆಯ ಹುರುಪೆಯಷ್ಟು ತೆಳು.
ಇಬ್ಬರೂ ಒಂದೇ ಎತ್ತರದಲ್ಲಿ ಕೇಳಬೇಕು
ತಾಂಡೇಲ ಲೋಕು ತಿಂಗಳಾಯರ ಕಿವಿಗೆ,
ಮೂವತ್ತು ವರ್ಷ ಇಂಜಿನ್ನಿನ ಪಕ್ಕ ಮಲಗಿ ಸವೆದ ಕಿವಿ.

ಗೇನ್ ಏರಬೇಕು, ಇಳಿಯಬೇಕು, ಯಾರ ಕೈಯೂ ತಾಗದೆ.
ವೋಲ್ಟೇಜು ಮೆಟ್ಟಿಲು ಮೆಟ್ಟಿಲಾಗಿ ಕೂಡುತ್ತ ಹೋದರೆ
ಗೇನ್ ಗುಣಿಸುತ್ತ ಹೋಗಬೇಕು,
ಹತ್ತು, ನೂರು, ಸಾವಿರ.
ಟ್ರಾನ್ಸಿಸ್ಟರಿಗೆ ಈ ಮಗ್ಗಿ ಹುಟ್ಟಿನಿಂದಲೇ ಬರುತ್ತದೆ,
ಸೆಕೆಗೆ ಮಾತ್ರ ಮರೆತುಬಿಡುತ್ತದೆ.
ಮೇ ತಿಂಗಳ ಒಂದು ಮಧ್ಯಾಹ್ನ
ನಾಲ್ಕು ಡೆಸಿಬೆಲ್ ತಪ್ಪಿತು.

ಇನ್ನು ವೇಗ.
ತಡವಾದರೆ ಮೊದಲ ಮಾತು ಸಿಡಿದು ಹೋಗುತ್ತದೆ.
ತೀರ ಚುರುಕಾದರೆ ದನಿಯ ಏರಿಳಿತವನ್ನೇ ನುಂಗಿ
ಬೈಗುಳವನ್ನೂ ಬೇಡಿಕೆಯನ್ನೂ ಒಂದೇ ಸಮ ಮಾಡಿ ಕೊಡುತ್ತದೆ,
ಇಸ್ತ್ರಿ ಹಾಕಿದ ಹಾಗೆ.
ಒಂದು ಕೆಪಾಸಿಟರ್ ತೆಗೆದು ಇನ್ನೊಂದು ಹಾಕಿದೆ.
ಮತ್ತೊಂದು.

ನಿನ್ನೆ ಸಂಜೆ ಲೋಕಣ್ಣ ಬಂದರು, ಚಪ್ಪಲಿ ಹೊರಗೆ ಬಿಟ್ಟು.
ಹೆಡ್‌ಫೋನ್ ಕೊಟ್ಟೆ. ಆ ಹೊತ್ತಿಗೆ ಯಾರೂ ಮಾತಾಡುತ್ತಿರಲಿಲ್ಲ.
ಯಾರೂ ಇಲ್ಲದಾಗ ಅದು ಗೇನ್ ಏರಿಸುತ್ತದೆ,
ಇನ್ನೂ ಏರಿಸುತ್ತದೆ, ಎಂಬತ್ತಕ್ಕೆ ಹೋಗಿ ನಿಲ್ಲುತ್ತದೆ.
ಆಗ ಕೇಳುವುದೆಲ್ಲ ಅದರದೇ ಒಳಗಿನ ಸುಂಯ್.
ಇದು ದೋಷ, ಎನ್ನಲು ಹೊರಟೆ, ಒಂದು ಮಿತಿ ಇಟ್ಟು
ಇದರ ಬಾಯಿ ಮುಚ್ಚಿಸುತ್ತೇನೆ, ನಾಳೆಯೇ

ಅವರು ಕೈಯೆತ್ತಿ ತಡೆದರು.
ಕಣ್ಣು ಮುಚ್ಚಿ ಬಹಳ ಹೊತ್ತು ಕೇಳಿದರು.
“ಬೇಡ,” ಎಂದರು, ಎಂದಿನಂತೆ ಕಿರುಚಿಯೇ,
“ಪೂರ್ತಿ ಸುಮ್ಮನಾದರೆ ಸೆಟ್ಟು ಸತ್ತಿತೋ
ಆಚೆಯವ ಸತ್ತನೋ ಗೊತ್ತಾಗುವುದಿಲ್ಲ ಮಾರಾಯ.
ಇದು ಇರಲಿ. ಇದು ಇದ್ದರೆ
ಕಾಯ್ತಾ ಉಂಟು ಅಂತ ಲೆಕ್ಕ.”

ನಕ್ಷೆಯ ಮೂಲೆಯಲ್ಲಿ ಪೆನ್ಸಿಲಿನಿಂದ ಬರೆದೆ:
ಮಿತಿಗೊಂದು ಸ್ವಿಚ್ಚು ಇರಲಿ, ಆಫ್ ಮಾಡಿಯೇ ಕೊಡುವುದು.
ಕೆಳಗೆ ಐಸಿನ ಮೋಟಾರು ಶುರುವಾಯಿತು.
ಮೀಟರಿನ ಸೂಜಿ ಬೆಚ್ಚಿ ಕೆಳಗೆ ಬಿತ್ತು,
ಮೆಲ್ಲ ಮೆಲ್ಲ ಮತ್ತೆ ತಲೆಯೆತ್ತಿತು.
ಇಷ್ಟು ಬೆಚ್ಚಬಾರದು.
ಆ ಕೆಪಾಸಿಟರ್ ಇನ್ನೊಮ್ಮೆ ನೋಡಬೇಕು.